ಕತ್ತಲಲ್ಲಿ ಕಾಣುವ ಸುಳ್ಳು ಬೆಳಕು

ಕಗ್ಗತ್ತಲಲ್ಲಿ ನಿಂತ ಮನುಷ್ಯನನ್ನೂ ಕೆಲವು ಕ್ಯಾಮೆರಾಗಳು ಕಾಣಬಲ್ಲವು. ಹೇಗೆ? ನಮ್ಮ ಮೈ ಸದಾ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನಾಚೆ ಉಷ್ಣಮಾಪಕವಿಟ್ಟು ಈ ಕಿರಣಗಳನ್ನು ಪತ್ತೆ ಮಾಡಿದ. ಇಂದು ಆ ಕೆಲಸವನ್ನು ಅರೆವಾಹಕ ಸ್ಫಟಿಕಗಳು ಮಾಡುತ್ತವೆ.

ಅರೆವಾಹಕವನ್ನು ಅಟ್ಟವಿರುವ ಮನೆಯೆಂದು ಭಾವಿಸಿ. ನೆಲದಲ್ಲಿರುವ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಕಟ್ಟುಬಿದ್ದಿವೆ. ಅಟ್ಟಕ್ಕೇರಿದವು ಓಡಾಡಿ ವಿದ್ಯುತ್ತನ್ನು ಒಯ್ಯುತ್ತವೆ. ಬೆಳಕಿನ ಕಣವಾದ ಫೋಟಾನ್ ಅವನ್ನು ಮೇಲೇರಿಸುತ್ತದೆ. ಸಿಲಿಕಾನಿನ ಅಟ್ಟದ ಎತ್ತರ 1.1 ಎಲೆಕ್ಟ್ರಾನ್ ವೋಲ್ಟ್. ನಮ್ಮ ಮೈಯಿಂದ ಹೊರಡುವ, 10 ಮೈಕ್ರೋಮೀಟರ್ ತರಂಗದೂರದ ಫೋಟಾನಿನ ಶಕ್ತಿಯೋ ಸುಮಾರು 0.12 ಮಾತ್ರ! ಆದ್ದರಿಂದ ತಗ್ಗು ಅಟ್ಟದ ವಸ್ತು ಬೇಕು. ಪಾದರಸ, ಕ್ಯಾಡ್ಮಿಯಮ್, ಟೆಲ್ಯೂರಿಯಮ್ ಕೂಡಿದ ಸ್ಫಟಿಕ ಅಂಥದು. 1959ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಇದರ ಗುಣವನ್ನು ಪ್ರಕಟಿಸಿದರು. ಪಾದರಸದ ಪಾಲು ಹೆಚ್ಚಿದಂತೆ ಅಟ್ಟ ತಗ್ಗುತ್ತದೆ.

ತೊಂದರೆ ಇರುವುದೂ ಅಲ್ಲಿಯೇ. ತಗ್ಗು ಅಟ್ಟಕ್ಕೇರಲು ಬೆಳಕೇ ಬೇಕಿಲ್ಲ; ಸ್ಫಟಿಕದ ಸ್ವಂತ ಶಾಖವೇ ಸಾಕು. ಹೀಗೆ ಬೆಳಕಿಲ್ಲದೆ ಹರಿಯುವ ವಿದ್ಯುತ್ತೇ ‘ಕತ್ತಲೆ ಪ್ರವಾಹ’. ಇದನ್ನು ಅಡಗಿಸಲು ಸ್ಫಟಿಕವನ್ನು ದ್ರವ ಸಾರಜನಕದ ಉಷ್ಣತೆಗೆ, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ, ತಣಿಸುವುದುಂಟು. ಆದರೆ ಸ್ಫಟಿಕದಲ್ಲಿ ದೋಷಗಳಿದ್ದರೆ ತಣಿಸಿದರೂ ಸಾಲದು.

ಸ್ಫಟಿಕದಲ್ಲಿ ಪರಮಾಣುಗಳು ಶಿಸ್ತಾಗಿ ಸಾಲುಗಟ್ಟಿರಬೇಕು. ಒಂದು ಸಾಲು ನಡುವೆಯೇ ನಿಂತುಹೋಗಬಹುದು. ಪರಮಾಣುವೊಂದು ಜಾಗ ಬಿಟ್ಟು ತೆರವಾಗಬಹುದು. ಹೊರಗಿನ ಪರಮಾಣು ನುಗ್ಗಬಹುದು. ಇಂಥ ಕಡೆ ನೆಲಕ್ಕೂ ಅಟ್ಟಕ್ಕೂ ನಡುವೆ ಮೆಟ್ಟಿಲೊಂದು ಹುಟ್ಟಬಹುದು. ಒಂದೇ ನೆಗೆತಕ್ಕೆ ಏರಲಾರದ ಎಲೆಕ್ಟ್ರಾನು ಅದರ ಮೇಲೆ ಕಾಲಿಟ್ಟು ಎರಡು ಹೆಜ್ಜೆಯಲ್ಲಿ ಏರುತ್ತದೆ. ಬೆಳಕಿನಿಂದ ಏರಿದ್ದು ಅದೇ ಮೆಟ್ಟಿಲಿಂದ ಬೇಗನೆ ಇಳಿದೂಬಿಡುತ್ತದೆ. ಹೀಗೆ ಸುಳ್ಳು ಸಂಕೇತ ಹೆಚ್ಚಿ, ನಿಜ ಸಂಕೇತ ಕುಗ್ಗುತ್ತದೆ.

ಹಾಗೆಂದು ಎಲ್ಲ ದೋಷವೂ ಕೆಟ್ಟದ್ದಲ್ಲ. ಈ ಸ್ಫಟಿಕದಲ್ಲಿ ಪಾದರಸದ ಹಿಡಿತ ಸಡಿಲ. ಅದು ಸುಲಭವಾಗಿ ಜಾಗ ಬಿಡುತ್ತದೆ. ಆ ತೆರವು ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು ಸ್ಫಟಿಕವನ್ನು ‘ಪಿ’ ಮಾದರಿಯದಾಗಿಸುತ್ತದೆ. ಪಿ–ಎನ್ ಸಂಧಿ ರಚಿಸಲು ಇದನ್ನೇ ಬಳಸಿಕೊಳ್ಳುವುದುಂಟು. ಬೇಡವಾದಾಗ ಪಾದರಸದ ಆವಿಯಲ್ಲಿ ಕಾಯಿಸಿ ತೆರವುಗಳನ್ನು ತುಂಬುತ್ತಾರೆ.

ದೋಷ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವೇ ಸಾಕ್ಷಿ. ಅದಕ್ಕಾಗಿ ಇದೇ ಬಗೆಯ ಸ್ಫಟಿಕದಿಂದ ಮಾಡಿದ್ದ ಅವಕೆಂಪು ಪತ್ತೆಕಾರಕಗಳು ಸುಮ್ಮನೆ ಇಟ್ಟಲ್ಲೇ ಕೆಡುತ್ತಿದ್ದುದು 2010ರ ಹೊತ್ತಿಗೆ ಗೊತ್ತಾಯಿತು. ಕತ್ತಲೆ ಪ್ರವಾಹ ಏರುತ್ತಿತ್ತು. ತಂತಿಯ ಬದಲು ಬೆಸುಗೆಗೆ ಬಳಸಿದ್ದ ಇಂಡಿಯಮ್ ಲೋಹದ ಪರಮಾಣುಗಳು ಚಿನ್ನದ ಸಂಪರ್ಕವನ್ನು ದಾಟಿ ಸ್ಫಟಿಕದೊಳಗೆ ನುಸುಳಿದ್ದವು! ತಡೆಪದರವನ್ನು ಸುಧಾರಿಸಿ ಹೊಸವನ್ನು ತಯಾರಿಸಿದರು. 2021ರ ಡಿಸೆಂಬರ್ 25ರಂದು ವೆಬ್ ಮೇಲೇರಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಅದನ್ನು ರಿಪೇರಿ ಮಾಡಲು ಯಾರೂ ಹೋಗಲಾರರು. ನೆಲದ ಮೇಲೆಯೇ ದೋಷ ಹಿಡಿದ ಪರೀಕ್ಷೆಯ ಬೆಲೆ ಆಗ ತಿಳಿಯುತ್ತದೆ.

ಈ ವಾರದ ಪ್ರಶ್ನೆ: ದೋಷದ ಮೆಟ್ಟಿಲು ನೆಲದ ಹತ್ತಿರವಿದ್ದರೆ ಕೇಡು ಹೆಚ್ಚೋ, ಅಟ್ಟದ ಹತ್ತಿರವಿದ್ದರೋ, ಸರಿಯಾಗಿ ನಡುವೆ ಇದ್ದರೋ? ಅಟ್ಟ ಹತ್ತಲು ನೀವು ಎಷ್ಟೆತ್ತರದ ಸ್ಟೂಲು ಹುಡುಕುತ್ತೀರಿ ಎಂದು ಯೋಚಿಸಿ, ಮನೆಯವರೊಂದಿಗೆ ಚರ್ಚಿಸಿ.