ಹಣ ನಮ್ಮದು, ಮತ ಯಾರದು?



ಭಾಂಡುಪಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರಿಂದ ಹಿಡಿದು ಗಲ್ಲಾದ ಮೇಲೆ ಕೂರುವವರವರೆಗೆ ನಾವೆಲ್ಲ ಪಗಾರದ ದಿನ ಫಂಡಿನ ಕಡಿತ ನೋಡಿ ಗೊಣಗುತ್ತೇವೆ. (ಇಪ್ಪತ್ತು ಜನ ದುಡಿದರೂ ಪುಸ್ತಕದಲ್ಲಿ ಹತ್ತೊಂಬತ್ತೇ ಬರೆದು ಫಂಡನ್ನೇ ತಪ್ಪಿಸುವ ಧಣಿಗಳ ಮಾತು ಬೇರೆ, ಅವರ ಲೆಕ್ಕ ಇನ್ನೊಮ್ಮೆ ನೋಡೋಣ.) ನೂರಕ್ಕೆ ಹನ್ನೆರಡರಂತೆ ಹೋದ ಆ ಹಣ ದಿಲ್ಲಿಯ ಪೆಟ್ಟಿಗೆಯಲ್ಲಿ ಭದ್ರವಾಗಿ ಕುಳಿತಿದೆಯೆಂದು ಎಷ್ಟೋ ಜನರ ನಂಬಿಕೆ. ಅದು ಕುಳಿತಿಲ್ಲ. 2015ರ ಆಗಸ್ಟಿನಿಂದ, ಫಂಡಿಗೆ ಹೊಸದಾಗಿ ಬರುವ ಹಣದಲ್ಲಿ ಮೊದಲು ಶೇಕಡಾ 5, 2017ರಿಂದ ಶೇಕಡಾ 15ರವರೆಗೆ ಶೇರು ಪೇಟೆಗೆ ಹೋಗತೊಡಗಿತು. ಎಸ್.ಬಿ.ಐ., ಯು.ಟಿ.ಐ. ಮ್ಯೂಚುವಲ್ ಫಂಡುಗಳ ಮೂಲಕ ನಿಫ್ಟಿ, ಸೆನ್ಸೆಕ್ಸ್ ಪಟ್ಟಿಯ ದೊಡ್ಡ ಕಂಪನಿಗಳ ಶೇರು ಕೊಂಡರು. ಇದೇ ಭಾಂಡುಪಿನಲ್ಲಿ ಬಣ್ಣದ ಕಾರ್ಖಾನೆ ನಡೆಸಿದ ಏಷ್ಯನ್ ಪೇಂಟ್ಸ್ ಆಗಲೇ ನಿಫ್ಟಿ ಪಟ್ಟಿಯಲ್ಲಿತ್ತು. ಅಂದರೆ ಮಾಣಿಯ ನಾಲ್ಕು ಕಾಸು ಅಲ್ಲಿಗೂ ಹೋಗಿದೆ!

ಶೇರಿದ್ದವನಿಗೆ ಕಂಪನಿಯ ಸಭೆಯಲ್ಲಿ ಮತವುಂಟು. ಡೈರೆಕ್ಟರ್ ಯಾರಾಗಬೇಕು, ದೊಡ್ಡ ಸಾಹೇಬರ ಪಗಾರವೆಷ್ಟು, ಒಂದು ಕಂಪನಿಯನ್ನು ಇನ್ನೊಂದರಲ್ಲಿ ಕೂಡಿಸಬೇಕೇ ಎಂಬುದೆಲ್ಲ ಆ ಮತದಿಂದ ತೀರ್ಮಾನವಾಗುತ್ತದೆ. ನಮ್ಮ ಹಣದ ಮತ ಹಾಕುವವರು ಮಾತ್ರ ಮ್ಯೂಚುವಲ್ ಫಂಡಿನವರು. ಶೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿ 2020ರ ಜುಲೈಯಿಂದ ಅವರಿಗೆ ಹೊಣೆಗಾರಿಕೆಯ ನಿಯಮ ಹಾಕಿತು. 2022ರ ಏಪ್ರಿಲಿನಿಂದ ಪ್ರತಿ ಠರಾವಿಗೂ ಮತ ಹಾಕಲೇಬೇಕು, ಕಾರಣ ಪ್ರಕಟಿಸಬೇಕು. ಒಳ್ಳೆಯದೇ. ಆದರೆ ಹಣ ಕಟ್ಟಿದವನನ್ನು ಕೇಳಬೇಕೆಂಬ ಮಾತು ಅದರಲ್ಲೆಲ್ಲಿದೆ?

ದೊಡ್ಡವರ ವಿಷಯ ನಮಗೇಕೆ ಎನ್ನುವವರು ಮುಂಧ್ರಾ ಹಗರಣವನ್ನು ನೆನೆಯಲಿ. 1957ರಲ್ಲಿ ಜೀವವಿಮಾ ನಿಗಮವು ತನ್ನ ಹೂಡಿಕೆ ಸಮಿತಿಯನ್ನೂ ಕೇಳದೆ ಹರಿದಾಸ ಮುಂಧ್ರಾನ ಕಂಪನಿಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿಯಿತು. ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಬಯಲಿಗೆಳೆದರು. 1958ರಲ್ಲಿ ಛಾಗ್ಲಾ ಅವರು ಇದೇ ಮುಂಬಯಿಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಅರ್ಥಮಂತ್ರಿ ಕೃಷ್ಣಮಾಚಾರಿ ಕುರ್ಚಿ ಬಿಟ್ಟರು. ಹೇಳುವವರು ಕೇಳುವವರಿಲ್ಲದ ಹಣದ ಗತಿ ಅದು.

ಅಮೆರಿಕದ ಕ್ಯಾಲಿಫೋರ್ನಿಯಾ ಸರ್ಕಾರಿ ನೌಕರರ ಪಿಂಚಣಿ ನಿಧಿಯನ್ನು ನೋಡಿ. ಅದರ ಹದಿಮೂರು ಜನರ ಮಂಡಳಿಗೆ ಆರು ಮಂದಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಆ ನಿಧಿಯ ಮಾತಿಗೆ ದೊಡ್ಡ ದೊಡ್ಡ ಕಂಪನಿಗಳೂ ಕಿವಿಗೊಡುತ್ತವೆ. ನಮ್ಮ ಫಂಡಿನ ಟ್ರಸ್ಟಿ ಮಂಡಳಿಯಲ್ಲೂ ಕಾರ್ಮಿಕರ ಹೆಸರಿನಲ್ಲಿ ಹತ್ತು ಜನರಿದ್ದಾರೆ. ಅವರನ್ನು ನೇಮಿಸುವುದು ಸರ್ಕಾರ. ನಾವು ಅವರಿಗೆ ಮತ ಹಾಕಿದವರಲ್ಲ.

ಆದರೂ ಕೇಳೋಣ. ನಮ್ಮ ಹಣದ ಮತ ಎಲ್ಲಿ, ಯಾವ ಕಡೆಗೆ ಬಿತ್ತೆಂದು ಕನ್ನಡ, ಮರಾಠಿಯಲ್ಲಿ ಅಚ್ಚು ಹಾಕಿಸಿ ತಿಳಿಸಲಿ. ಕೆಲಸಗಾರರನ್ನು ಕಿತ್ತು ಗುತ್ತಿಗೆಯವರನ್ನು ತುಂಬುವ ಡೈರೆಕ್ಟರುಗಳಿಗೆ ಆ ಮತ ಬೀಳದಿರಲಿ. ಅರ್ಜಿ ಸಂಘದ ಕಚೇರಿಯಲ್ಲಿದೆ. ರಾತ್ರಿ ಹೋಟೆಲು ಮುಚ್ಚಿ ಬರುವವರಿಗಾಗಿ ಹನ್ನೊಂದೂವರೆಯವರೆಗೆ ಬಾಗಿಲು ತೆರೆದಿರುತ್ತದೆ. ಫಂಡಿನ ನಂಬರು ಬರೆದು ಸಹಿ ಹಾಕಿ.