ಎಲ್.ಎಸ್.ಡಿ ಹಾಕಿಸೋದಾ, ಬೇಡವಾ?

ಮೊದಲೇ ಹೇಳಿಬಿಡ್ತೀನಿ, ಇದು ಪೊಲೀಸರು ಹಿಡಿಯೋ ಆ ಎಲ್.ಎಸ್.ಡಿ ಅಲ್ಲ :) ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅಂತ. ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ, ನಮ್ಮ ಮೆಕ್ಯಾನಿಕ್‌ಗಳು 'ಹೌಸಿಂಗ್' ಅಂತ ಕರೆಯೋ ಗುಂಡಗಿನ ಡಬ್ಬಿಯೊಳಗೆ ಕೂರುವ ಸಾಮಾನು.

ಹಳೇ ಕಾರುಗಳ ಹುಚ್ಚು ಹತ್ತಿಸಿಕೊಂಡಿರೋ ಗೆಳೆಯರ ಮಧ್ಯೆ ಈಗ ಇದೇ ಮಾತು. ಕಾಂಟೆಸ್ಸಾಗೆ ದೊಡ್ಡ ಎಂಜಿನ್ ಇಳಿಸಿದವರು, ಎಲ್ಲಿಂದಲೋ ಹಳೇ ಮಸ್ಟಾಂಗ್ ತಂದವರು, ಎಲ್ಲರದ್ದೂ ಒಂದೇ ರಾಗ: "ಇಷ್ಟು ಪವರ್ ಇದ್ಮೇಲೆ ಎಲ್.ಎಸ್.ಡಿ ಇಲ್ದೆ ಹೆಂಗೆ?" ಭಾನುವಾರ ಬೆಳಗ್ಗೆ ಬೆಂಗಳೂರು ಬಿಟ್ಟು, ಕೊರಟಗೆರೆ ದಾಟಿ, ಮಧುಗಿರಿ ಬೆಟ್ಟದ ಕೆಳಗೆ ಫೋಟೋ ಹೊಡ್ಕೊಂಡು, ಪಾವಗಡದ ಶನಿಮಹಾತ್ಮನಿಗೆ ಕೈಮುಗಿದು ಶಿರಾ ಹೈವೇ ಹಿಡಿದು ವಾಪಸ್ ಹೋಗೋ ಮಂದಿ ಇವರು. ಇವರ ಹತ್ರ ನನ್ನದೊಂದು ತಕರಾರಿದೆ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡೋದೇ ಡಿಫರೆನ್ಷಿಯಲ್. ಆದ್ರೆ ಮಾಮೂಲಿ ಡಿಫರೆನ್ಷಿಯಲ್‌ಗೆ ಒಂದು ಗುಣ ಇದೆ, ಎರಡೂ ಕಡೆಗೆ ಯಾವಾಗಲೂ ಸಮಾನ ಬಲವನ್ನೇ ಹಂಚುತ್ತೆ. ಒಂದು ಚಕ್ರ ಕೆಸರಲ್ಲಿ ಸುಮ್ಮನೆ ತಿರುಗ್ತಿದ್ರೆ, ಗಟ್ಟಿ ನೆಲದ ಮೇಲಿರೋ ಇನ್ನೊಂದಕ್ಕೂ ಅಷ್ಟೇ ಪುಡಿಗಾಸು. ಹಾಗಾಗಿ ಗಾಡಿ ಹೂತುಕೊಳ್ಳುತ್ತೆ. ಈ ಕಷ್ಟಕ್ಕೆ ಪರಿಹಾರವಾಗಿ 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳಿಗೆ ಝಡ್.ಎಫ್ ಕಂಪನಿ ಲಿಮಿಟೆಡ್ ಸ್ಲಿಪ್ ಮಾಡಿಕೊಟ್ಟಿತು. 1961ರ ಜಾಗ್ವಾರ್ ಇ-ಟೈಪ್‌ಗೆ (ಕಂಪನಿ ಹೇಳಿಕೊಂಡಂತೆ 265 ಅಶ್ವಶಕ್ತಿ) ಫ್ಯಾಕ್ಟರಿಯಲ್ಲೇ ಕೂರಿಸಿ ಕೊಟ್ಟರು. ಅಂಥ ಕಾರಿಗೆ ಅದು ಬೇಕು, ನಾನೇನೂ ಅಲ್ಲಗಳೆಯಲ್ಲ. ದೇವರಾಯನದುರ್ಗದ ತಿರುವಿನಲ್ಲಿ ಜೋರಾಗಿ ಹತ್ತಿಸಿದರೆ ಒಳಗಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಸುಮ್ಮನೆ ಗಿರಗಿರ ತಿರುಗಿ ರಬ್ಬರ್ ಸುಡುತ್ತೆ, ಅಷ್ಟೂ ಶಕ್ತಿ ದಂಡ.

ನಮ್ಮೂರ ಕಡೆ ಈ ವಿದ್ಯೆ ಹೊಸದೇನಲ್ಲ. ಯಾವ ಟ್ರ್ಯಾಕ್ಟರ್ ಡ್ರೈವರನ್ನಾದರೂ ಕೇಳಿ. ಕೆರೆ ಗೋಡು ಹೊಡೆಯುವಾಗ ಒಂದು ಗಾಲಿ ಜಾರಿದರೆ ಡಿಫ್ ಲಾಕ್ ಪೆಡಲ್ ಒತ್ತುತ್ತಾರೆ, ಎರಡು ಗಾಲಿಯೂ ಒಂದೇ ಆಗಿ ಎದ್ದು ಬರುತ್ತೆ. ಕಾಲು ತೆಗೆದ ಮೇಲೆ ಬಿಟ್ಟುಕೊಳ್ಳುತ್ತೆ. ಒಬ್ಬ ಡ್ರೈವರ್ ನನಗೆ ಹೇಳಿದ್ದು: "ಲಾಕು ಕಚ್ಚಿರುವಾಗ ತಿರುಗಿಸ್ಬ್ಯಾಡ ಕಣಣ್ಣ, ಗಾಡಿ ನಿನ್ ಮಾತು ಕೇಳಾಕಿಲ್ಲ."

ಈ ಮಾತಲ್ಲೇ ನನ್ನ ತಕರಾರೂ ಇರೋದು. ಟ್ರ್ಯಾಕ್ಟರಿನಲ್ಲಿ ಯಾವಾಗ ಕಚ್ಚಬೇಕು ಅಂತ ತೀರ್ಮಾನ ಮಾಡೋದು ಮನುಷ್ಯ. ಕಾರಿನ ಎಲ್.ಎಸ್.ಡಿ ತಾನೇ ತೀರ್ಮಾನ ಮಾಡುತ್ತೆ, ಅದೂ ನೀವು ಆಕ್ಸಿಲರೇಟರ್ ತುಳಿದ ಹೊತ್ತಲ್ಲೇ.

ಈಗ ನಮ್ಮ ಒಳರಸ್ತೆಗಳನ್ನ ನೆನಪು ಮಾಡಿಕೊಳ್ಳಿ. ಹೈವೇ ಅಲ್ಲ, ಅದು ಬಿಟ್ಟು ಒಳಗೆ ಹೋಗೋ ಸಿಂಗಲ್ ರೋಡು. ಮಧ್ಯೆ ಟಾರು, ಎರಡೂ ಬದಿ ಸಡಿಲ ಕೆಮ್ಮಣ್ಣು, ಆಚೆಗೆ ಹುಣಸೇಮರ. ಎದುರಿಗೆ ಬಸ್ಸು ಬಂತು, ನೀವು ಎಡಗಡೆ ಚಕ್ರಗಳನ್ನ ಮಣ್ಣಿಗೆ ಇಳಿಸಿದ್ರಿ. ಬಸ್ಸು ಹೋಯ್ತು, ಮತ್ತೆ ರಸ್ತೆಗೆ ಹತ್ತೋಕೆ ಆಕ್ಸಿಲರೇಟರ್ ಒತ್ತಿದ್ರಿ. ಮಾಮೂಲಿ ಡಿಫರೆನ್ಷಿಯಲ್ ಆದ್ರೆ ಎಡಚಕ್ರ ಒಂದಿಷ್ಟು ಮಣ್ಣು ಹಾರಿಸುತ್ತೆ, ಅಷ್ಟೇ. ಎರಡೂ ಕಡೆ ಬಲ ಸಮ, ಕಾರು ನೆಟ್ಟಗೇ ಇರುತ್ತೆ. ಬಿಗಿಯಾದ ಎಲ್.ಎಸ್.ಡಿ ಇದ್ರೆ? ಟಾರಿನ ಮೇಲಿರೋ ಬಲಚಕ್ರಕ್ಕೆ ಹೆಚ್ಚು ಬಲ ಹೋಗುತ್ತೆ. ಜೋಡೆತ್ತಿನಲ್ಲಿ ಬಲಗಡೆಯದು ಜೋರಾಗಿ ಎಳೆದರೆ ಗಾಡಿ ಯಾವ ಕಡೆ ತಿರುಗುತ್ತೆ ಹೇಳಿ? ಎಡಕ್ಕೆ. ಅಂದ್ರೆ ಮರದ ಕಡೆಗೆ. ಇನ್ನೂರು ಚಿಲ್ಲರೆ ಅಶ್ವಶಕ್ತಿ, ಎ.ಬಿ.ಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ನಲವತ್ತು ವರ್ಷದ ಹಳೇ ಸಸ್ಪೆನ್ಷನ್ನು.

ಸುಗ್ಗಿ ಕಾಲದಲ್ಲಂತೂ ಕೇಳಲೇಬೇಡಿ. ರಸ್ತೆಯ ಅರ್ಧಕ್ಕೆ ಹುರುಳಿ ಹರವಿರುತ್ತಾರೆ, ಓಡಾಡೋ ಗಾಡಿಗಳೇ ಕಣದ ಎತ್ತು! ಒಂದು ಚಕ್ರ ಹುರುಳಿ ಹೊಟ್ಟಿನ ಮೇಲೆ, ಇನ್ನೊಂದು ಬರೀ ಟಾರಿನ ಮೇಲೆ. ರೇಸ್ ಟ್ರ್ಯಾಕಿನಲ್ಲಿ ಇಂಥ ಪರೀಕ್ಷೆ ಯಾರೂ ಇಡಲ್ಲ.

ಹಾಗಂತ ಹಾಕಿಸಲೇಬೇಡಿ ಅಂತಿಲ್ಲ. ಎಂಜಿನ್ನಿನ ಅಶ್ವಶಕ್ತಿ ನೋಡಿ ಎಲ್.ಎಸ್.ಡಿ ಆರಿಸಬೇಡಿ, ಓಡಿಸೋ ರಸ್ತೆ ನೋಡಿ ಆರಿಸಿ ಅಂತಿದ್ದೀನಿ. ಇಸುಝು 1.8 ಎಂಜಿನ್ನಿನ ಮಾಮೂಲಿ ಕಾಂಟೆಸ್ಸಾಗೆ (ಸುಮಾರು 88 ಅಶ್ವಶಕ್ತಿ) ಅದು ಬೇಕಾಗೇ ಇಲ್ಲ. ಆ ದುಡ್ಡಲ್ಲಿ ಒಳ್ಳೇ ಟೈರು, ಬ್ರೇಕು ಮಾಡಿಸಿ. ನಿಜವಾಗಿ ಪವರ್ ಇರೋ ಕಾರಾದ್ರೆ ಹೆಲಿಕಲ್ ಗೇರಿನದು ನೋಡಬಹುದು, ಟಾರ್ಸೆನ್ ಜಾತಿಯದ್ದು. ಅದು ಮೆತ್ತಗೆ ಕೆಲಸ ಮಾಡುತ್ತೆ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಕೈಕೊಡುತ್ತೆ ಅನ್ನೋದು ನಿಜ, ಆದ್ರೆ ಸ್ಪೋರ್ಟ್ಸ್ ಕಾರನ್ನ ಕೊರಕಲಿಗೆ ಇಳಿಸೋರು ಯಾರು? ಕ್ಲಚ್ ಪ್ಲೇಟಿನದೇ ಬೇಕು ಅಂದ್ರೆ ಪ್ರಿಲೋಡ್ ಕಡಿಮೆ ಇಡಿಸಿ, ಅದಕ್ಕೇ ಅಂತ ಇರೋ ಫ್ರಿಕ್ಷನ್ ಮಾಡಿಫೈಯರ್ ಸೇರಿದ ಆಯಿಲ್ಲೇ ಹಾಕಿಸಿ. ಇಲ್ಲದಿದ್ರೆ ಗೇಟಿನಲ್ಲಿ ತಿರುಗಿಸುವಾಗೆಲ್ಲ ಹೌಸಿಂಗ್ ಒದರಾಡುತ್ತೆ.

"ಥಾರ್‌ಗೆ ಹಾಕಿದ್ದಾರಲ್ಲ?" ಅಂತ ಒಬ್ಬರು ವಾದಕ್ಕೆ ಬಂದರು. ಹಾಕಿದ್ದಾರೆ, 2015ರ ಥಾರ್‌ಗೇ ಈಟನ್ ಕಂಪನಿಯ ಲಾಕ್ ಬಂದಿತ್ತು. ಆದ್ರೆ ಅದು ನಿಧಾನದಲ್ಲಿ ಹೂತ ಗಾಡಿ ಎಬ್ಬಿಸೋಕೆ, ವೇಗ ಹೆಚ್ಚಾದ್ರೆ ಕಚ್ಚೋದೇ ಇಲ್ಲ. ನೋಡಿದ್ರೆ ಟ್ರ್ಯಾಕ್ಟರ್ ಪೆಡಲಿನ ತಮ್ಮನೇ ಅದು.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಲ್ಲ. ನಮ್ಮ ಕಡೆ ಹೌಸಿಂಗ್ ಶಬ್ದ ನೋಡೋಕೆ ಒಂದು ಹಿಂದಿನ ಚಕ್ರ ಜಾಕ್ ಮೇಲೆತ್ತಿ, ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕೋ ಪದ್ಧತಿ ಇದೆ. ಮಾಮೂಲಿ ಕಾರಲ್ಲಿ ಎತ್ತಿದ ಚಕ್ರ ಸುಮ್ಮನೆ ತಿರುಗುತ್ತೆ. ಎಲ್.ಎಸ್.ಡಿ ಇದ್ದರೆ ನೆಲದ ಮೇಲಿರೋ ಚಕ್ರವೂ ತಿರುಗಿ ಕಾರು ಜಾಕಿನಿಂದ ಹಾರಿ ಹೋಗಬಹುದು, ಕೆಳಗೆ ಹುಡುಗ ಇದ್ದರೆ ಅವನ ಮೇಲೇ. ಶಿರಾ ಬೈಪಾಸಿನ ಯಾವುದೋ ಗ್ಯಾರೇಜಿನ ಹುಡುಗನಿಗೆ ನಿಮ್ಮ ಹೌಸಿಂಗ್ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಹಾಕಿಸಿದವರು ಡಿಕ್ಕಿಯೊಳಗೆ, ಸ್ಟೆಪ್ನಿ ಪಕ್ಕದಲ್ಲೇ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ: "ಎರಡು ಹಿಂದಿನ ಚಕ್ರವನ್ನೂ ಎತ್ತದೆ ಗೇರ್ ಹಾಕಬೇಡಿ."