ಲೆಕ್ಕ ಕೇಳುವವರು ಲೆಕ್ಕ ಕಲಿಯಬೇಕು



ಎಸ್ಸೆಸ್ಸೆಲ್ಸಿ ಗಣಿತದ ಪೇಪರಿನ ಹಿಂದಿನ ರಾತ್ರಿ ನಮ್ಮ ಹಾಸ್ಟೆಲುಗಳಲ್ಲಿ ಅನ್ನ ಗಂಟಲಿಗೆ ಇಳಿಯುವುದಿಲ್ಲ. ಕನ್ನಡಕ್ಕೆ ಹೆದರದವರು, ಸಮಾಜ ವಿಜ್ಞಾನವನ್ನು ಬಾಯಿಪಾಠ ಒಪ್ಪಿಸುವವರು, ಭಾಷಣಕ್ಕೆ ನಿಂತರೆ ಮೈಕು ಬಿಡದವರು ಕೂಡ ಆ ರಾತ್ರಿ ಗಪ್ಪಾಗಿಬಿಡುತ್ತಾರೆ. "ನಮ್ಮ ತಲಿಗಿ ಗಣಿತ ಹತ್ತಂಗಿಲ್ಲೋ" ಅಂತ ಒಬ್ಬ ಅಂದರೆ ಹತ್ತು ಮಂದಿ ಹೌದೆನ್ನುತ್ತಾರೆ. ಈ ಮಾತು ನಮ್ಮ ಬಾಯಿಗೆ ಎಲ್ಲಿಂದ ಬಂತು? ಯಾರು ತಂದು ಹಾಕಿದರು? ಇದನ್ನು ಕೇಳಬೇಕಾಗಿದೆ.

ಮೊದಲು ಅಂಕಿ ನೋಡೋಣ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. ನಕಲು ಕಡಿಮೆಯಾಯಿತು. 2023ರಲ್ಲಿ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿ ಕೊಟ್ಟ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯಕ್ಕೆ 66.14 ಬಂತು. ದಕ್ಷಿಣ ಕನ್ನಡಕ್ಕೆ 91.12. ನಮ್ಮ ಕಲಬುರಗಿಗೆ 42.43. ಪಟ್ಟಿಯಲ್ಲಿ ಕಟ್ಟಕಡೆಯ ಜಿಲ್ಲೆ ನಮ್ಮದು. ನೂರು ಮಂದಿ ಕುಂತರೆ ಐವತ್ತೇಳು ಮಂದಿ ಬಿದ್ದರು. ಇದು ಎಲ್ಲ ವಿಷಯಗಳೂ ಸೇರಿದ ಫಲಿತಾಂಶ. ಇದರೊಳಗೆ ಗಣಿತದ ಪಾಲು ಎಂಥದ್ದು ಅನ್ನುವುದನ್ನು ಹಾಸ್ಟೆಲಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ದಕ್ಷಿಣ ಕನ್ನಡದ ಮಕ್ಕಳಿಗೆ ಎರಡೆರಡು ತಲೆ ಇವೆಯೇ? ಇಲ್ಲ. ತಲೆಯ ಮಾತೇ ಸುಳ್ಳು.

ನಮ್ಮ ನೆಲದ ಇನ್ನೊಂದು ಸಂಗತಿ ಕೇಳಿ. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ 'ಗಣಿತಸಾರಸಂಗ್ರಹ' ಬರೆದ. ಬಡ್ಡಿಯ ಲೆಕ್ಕ, ಹೊಲದ ಅಳತೆ, ತೋಡಿದ ಗುಂಡಿಯ ಲೆಕ್ಕ, ನೆರಳಿನ ಲೆಕ್ಕ ಎಲ್ಲವೂ ಅದರಲ್ಲಿವೆ. ಆದರೆ ಅದು ಸಂಸ್ಕೃತದಲ್ಲಿತ್ತು. ಗುಂಡಿ ತೋಡಿದವರು ಯಾರು? ಹೊಲ ಉತ್ತವರು ಯಾರು? ಬಡ್ಡಿ ಕಟ್ಟಿದವರು ಯಾರು? ಅವರ ಮಕ್ಕಳಿಗೆ ಆ ಪುಸ್ತಕ ಮುಟ್ಟಲಿಲ್ಲ. ಲೆಕ್ಕ ಹುಟ್ಟಿದ್ದು ನಮ್ಮ ಬೆವರಿನ ಮೇಲೆ. ಲೆಕ್ಕದ ಪುಸ್ತಕ ಮಾತ್ರ ಇನ್ನೊಬ್ಬರ ಕಂಕುಳಲ್ಲಿ. ಸಾವಿರದ ನೂರು ವರ್ಷ ದಾಟಿದ ಮೇಲೂ ಅದೇ ಜಿಲ್ಲೆ 2025ರಲ್ಲಿ ಪಟ್ಟಿಯ ಕಡೆಗೆ ನಿಂತಿತು ಅಂದ್ರ ಅದು ನಮ್ಮ ಹಣೆಬರಹವಲ್ಲ. ಆ ಪುಸ್ತಕ ಇನ್ನೂ ಎಲ್ಲರ ಕೈಗೆ ಬಂದಿಲ್ಲ ಅನ್ನುವುದರ ಸಾಕ್ಷಿ.

ಭೀಮಾ ದಂಡೆಯ ಮಣ್ಣೂರಿನಂಥ ಊರಿನ ಮಗುವಿಗೆ ಲೆಕ್ಕ ಬರುವುದಿಲ್ಲ ಅಂತ ಯಾರು ಅಂದಾರು? ಎಕರೆಗೆ 40 ಗುಂಟೆ, ಗುಂಟೆ ಅಂದ್ರ 33 ಅಡಿ ಉದ್ದ 33 ಅಡಿ ಅಗಲ ಅಂತ ಅಪ್ಪನ ಸಂಗಡ ಬದುವಿನ ಮೇಲೆ ನಿಂತೇ ಕಲಿತಿರುತ್ತದೆ. ಅವ್ವ ಎಂಟು ದಿನ ತೊಗರಿ ಕೊಯ್ದು ಒಂದು ದಿನದ ಕೂಲಿ ಖೋತಾ ಆದರೆ ರೊಕ್ಕ ಎಷ್ಟು ಕಡಿಮೆ ಬಂತೆಂದು ಬಾಯಲ್ಲೇ ಹೇಳುತ್ತದೆ. ಸಾಲಿಗೆ ಬಂದ ಕೂಡಲೆ ಅದೇ ಮಗು ಮೂಕವಾಗುತ್ತದೆ. ಯಾಕೆಂದರೆ ಅಲ್ಲಿ ಬಹುಪದೋಕ್ತಿ, ಚರಾಕ್ಷರ, ಸಮಾಂತರ ಶ್ರೇಢಿ, ಸಂಭವನೀಯತೆ ಎದುರಿಗೆ ನಿಲ್ಲುತ್ತವೆ. ನಮ್ಮ ಹೆದರಿಕೆಯಲ್ಲಿ ಅರ್ಧ ಗಣಿತದ್ದಲ್ಲ, ಈ ಶಬ್ದಗಳದ್ದು. ಸಮಾಂತರ ಶ್ರೇಢಿ ಅಂದ್ರ ಏನು? ಬಾವಿಯ ಮೆಟ್ಟಿಲು. ಪ್ರತಿ ಮೆಟ್ಟಿಲೂ ಒಂದೇ ಎತ್ತರ. ಮೊದಲನೆಯದು ಎಲ್ಲಿದೆ, ಒಂದೊಂದರ ಎತ್ತರ ಎಷ್ಟು ಅಂತ ಗೊತ್ತಾದರೆ ಇಪ್ಪತ್ತನೆಯದು ಎಲ್ಲಿದೆ ಅಂತ ಇಳಿಯದೆಯೇ ಹೇಳಬಹುದು. ಇಷ್ಟೇ. ಹೀಗೆ ಹೇಳಿಕೊಡುವ ಮಾಸ್ತರ ಬೇಕು. ನಮ್ಮಲ್ಲಿ ಕೆಲವರ ಸಾಲಿಯಲ್ಲಿ ಗಣಿತದ ಮಾಸ್ತರರ ಖುರ್ಚಿ ಖಾಲಿ ಇತ್ತು. ಇನ್ನು ಕೆಲವರಿಗೆ ಮಾಸ್ತರರು ಇದ್ದರು, "ನಿಮಗ್ಯಾಕಪ್ಪ ಇದು, ಪಾಸಾಗೋಷ್ಟು ಬರೀರಿ ಸಾಕು" ಅಂದರು. ಎರಡೂ ಒಂದೇ.

ಗಣಿತ ಯಾಕೆ ಬೇಕು ಅಂತ ಕೇಳುವ ಗೆಳೆಯರು ಒಂದು ಸಾಲದ ಲೆಕ್ಕ ಹಾಕಲಿ. ಮಗಳ ಮದುವೆಗೆ ಇಪ್ಪತ್ತು ಸಾವಿರ ಸಾಲ ಅಂತಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಕೇಳುವುದಕ್ಕೆ ಮೂರೇ ಮೂರು. ವರ್ಷಕ್ಕೆ ಮೂವತ್ತಾರು ಆಗುತ್ತದೆ. ಅಂದರೆ ವರ್ಷಕ್ಕೆ 7,200 ರೂಪಾಯಿ. ಮೂರು ವರ್ಷಕ್ಕೆ ಅಸಲು ಬಡ್ಡಿ ಸೇರಿ 41,600. ಇದು ಬಾವಿಯ ಮೆಟ್ಟಿಲಿನ ಲೆಕ್ಕ, ನಿಮ್ಮ ಪುಸ್ತಕದ್ದೇ. ಆದರೆ ಸಾವ್ಕಾರ ಪ್ರತಿ ವರ್ಷದ ಬಡ್ಡಿಯನ್ನು ಅಸಲಿಗೆ ಕೂಡಿಸುತ್ತಾ ಹೋದರೆ ಮೂರು ವರ್ಷಕ್ಕೆ 50,309 ಆಗುತ್ತದೆ. ನಡುವಿನ 8,709 ರೂಪಾಯಿ ಎಲ್ಲಿ ಹುಟ್ಟಿತು? ಚೋಪಡಿಯ ಒಂದು ಗೆರೆಯಲ್ಲಿ ಹುಟ್ಟಿತು. ಆ ಗೆರೆ ಓದಲು ಬಾರದ ಮನೆ ಎಷ್ಟು ದಿನ ದುಡಿದರೂ ತೀರಿಸಲಾರದು. ನಾವು ಸಭೆಯಲ್ಲಿ ನಿಂತು ಲೆಕ್ಕ ಕೊಡಿ ಲೆಕ್ಕ ಕೊಡಿ ಅಂತ ಕೂಗುತ್ತೇವೆ. ಅವರು ಕೊಟ್ಟೇಬಿಟ್ಟರೆ ಓದುವವರು ಯಾರು?

ಬಾಬಾಸಾಹೇಬರು ಇದನ್ನು ಚೆನ್ನಾಗಿ ತಿಳಿದಿದ್ದರು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಹುಡುಗ ಭೀಮನನ್ನು ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಕರೆದಾಗ, ಬೋರ್ಡಿನ ಹಿಂದೆ ಬುತ್ತಿ ಇಟ್ಟಿದ್ದ ಸವರ್ಣೀಯ ಹುಡುಗರು ಮೈಲಿಗೆಯಾದೀತೆಂದು ಓಡಿ ಬಂದು ಬುತ್ತಿ ಎತ್ತಿಕೊಂಡರೆಂದು ಧನಂಜಯ ಕೀರ್ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಅದೇ ಹುಡುಗ ಬೆಳೆದು 1923ರಲ್ಲಿ 'ದಿ ಪ್ರಾಬ್ಲಂ ಆಫ್ ದಿ ರುಪೀ' ಪ್ರಕಟಿಸಿದರು. ಅದರಲ್ಲಿ ಕೋಷ್ಟಕದ ಮೇಲೆ ಕೋಷ್ಟಕ, ಅಂಕಿಯ ಮೇಲೆ ಅಂಕಿ. ಬ್ರಿಟಿಷ್ ಸರ್ಕಾರದ ರೂಪಾಯಿಯ ಲೆಕ್ಕವನ್ನೇ ಕೇಳಿದ ಪುಸ್ತಕ ಅದು. ನಾವು ಅವರ ಫೋಟೊಕ್ಕೆ ಹಾರ ಹಾಕುತ್ತೇವೆ. ಅವರು ಹಿಡಿದ ಸೀಮೆಸುಣ್ಣವನ್ನು ಯಾಕೆ ಕೈಬಿಡುತ್ತೇವೆ?

ಈಗ ಸರ್ಕಾರ ಇನ್ನೊಂದು ದಾರಿ ತೋರಿಸಿದೆ. 2025-26ನೇ ಸಾಲಿನಿಂದ ಪ್ರತಿ ವಿಷಯಕ್ಕೆ ಕನಿಷ್ಠ 30, ಒಟ್ಟು 625ಕ್ಕೆ 206 ಅಂಕ ಬಂದರೆ ಪಾಸು. 35 ಇದ್ದದ್ದು 33 ಆಯಿತು. ನಾವು ಇದನ್ನು ಬೈಯುವುದಿಲ್ಲ. ಎರಡು ಅಂಕಕ್ಕೆ ಬಿದ್ದ ಹುಡುಗಿಯನ್ನು ಅದೇ ಬೇಸಿಗೆಯಲ್ಲಿ ಮದುವೆ ಮಾಡುವ ಮನೆಗಳು, ಬಿದ್ದ ಹುಡುಗನನ್ನು ಪುಣೆಗೆ ಸಿಮೆಂಟು ಹೊರಲು ಕಳಿಸುವ ಮನೆಗಳು ನಮ್ಮವೇ. ಪಾಸಾದರೆ ಅವರಿಗೆ ಇನ್ನೊಂದು ವರ್ಷ ಸಿಗುತ್ತದೆ. ಸಿಗಲಿ. ಆದರೆ ಸಿಕ್ಕ ವರ್ಷದಲ್ಲಿ ಎಲ್ಲಿಗೆ ಹೋಗುತ್ತಾರೆ? 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ನಮ್ಮ ಭಾಗಕ್ಕೆ ಇಂಜಿನಿಯರಿಂಗ್ ಸೀಟು ಇಟ್ಟಿದೆ, ನೌಕರಿಯಲ್ಲಿ ಪಾಲು ಇಟ್ಟಿದೆ. ಆ ಇಂಜಿನಿಯರಿಂಗ್ ಬಾಗಿಲಿನ ಮುಂದೆ ಗಣಿತ ಕುಂತಿದೆ. ಮೂವತ್ತು ಅಂಕದ ಗಣಿತ ಆ ಬಾಗಿಲು ತೆಗೆಯುವುದಿಲ್ಲ. ನಮ್ಮಲ್ಲಿ ಬಹಳ ಮಂದಿ ಆರ್ಟ್ಸಿಗೆ ಬಂದೆವು. ಕವಿತೆ ಇಷ್ಟವಾಗಿ ಬಂದವರು ಕೆಲವರು, ಬೇರೆ ಬಾಗಿಲು ಮುಚ್ಚಿದ್ದಕ್ಕೆ ಬಂದವರು ಬಹಳ. ಆರಿಸಿಕೊಂಡು ಬರುವುದು ಬೇರೆ, ನೂಕಿಸಿಕೊಂಡು ಬರುವುದು ಬೇರೆ. ಗೋಡೆಯ ಎತ್ತರ ಎರಡು ಇಂಚು ಇಳಿಸಿ ಏಣಿ ಕೊಟ್ಟೆವು ಅಂತ ಸರ್ಕಾರ ಅಂದುಕೊಳ್ಳಬಾರದು. ಏಣಿ ಅಂದ್ರ ಮಾಸ್ತರ.

1972ರಲ್ಲಿ ದಲಿತ ಪ್ಯಾಂಥರರು ತಮ್ಮ ಹೆಸರನ್ನು ಅಮೆರಿಕದ ಕಪ್ಪು ಜನರ ಹೋರಾಟದಿಂದ ಪಡೆದರು. ಅಲ್ಲಿಂದಲೇ ಪಡೆಯಬೇಕಾದ ಇನ್ನೊಂದು ಪಾಠವಿದೆ. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ತಿರುಗಿ ಹೊಡೆತ ತಿಂದವರು ಬಾಬ್ ಮೋಸೆಸ್, ಗಣಿತದ ಮಾಸ್ತರ. 1982ರಲ್ಲಿ ಅವರು 'ಆಲ್ಜೀಬ್ರಾ ಪ್ರಾಜೆಕ್ಟ್' ಶುರುಮಾಡಿ ಬಡ ಕಪ್ಪು ಮಕ್ಕಳಿಗೆ ಬೀಜಗಣಿತ ಕಲಿಸಿದರು. ಅಂದು ಓಟು ಹೇಗೋ ಇಂದು ಗಣಿತ ಹಾಗೆ, ಅದಿಲ್ಲದವರು ಹೊರಗೇ ಉಳಿಯುತ್ತಾರೆ ಅನ್ನುವುದು ಅವರ ವಾದ. 2021ರಲ್ಲಿ ತೀರಿಕೊಂಡರು. ಅವರು ಗಣಿತವನ್ನು ಹಕ್ಕು ಅಂದರು. ನಾವು ಇನ್ನೂ ಹಣೆಬರಹ ಅನ್ನುತ್ತಿದ್ದೇವೆ.

ಹಾಗಾದರೆ ಏನು ಮಾಡೋಣ? ಎಂಟನೆಯ ತರಗತಿಯಿಂದಲೇ ಪ್ರತಿ ಹೈಸ್ಕೂಲಿಗೆ ಖಾಯಂ ಗಣಿತ ಮಾಸ್ತರ, ಪ್ರತಿ ಮೆಟ್ರಿಕ್ ಪೂರ್ವ ಹಾಸ್ಟೆಲಿಗೆ ಸಂಜೆ ಪಾಠ: ಇದನ್ನು ನಾವು ಅನ್ನ, ಹಾಸಿಗೆ ಕೇಳಿದಷ್ಟೇ ಜೋರಾಗಿ ಕೇಳಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ 'ಪಾಸಿಂಗ್ ಪ್ಯಾಕೇಜು' ಹಂಚಿದರೆ ಸಾಲದು. ಕೇಳುತ್ತಾ ಕಾಯುತ್ತಾ ಕೂಡುವುದೂ ಬೇಡ. ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಓದುವ ಅಣ್ಣ, ಅಕ್ಕ ಇದ್ದರೆ ದಿನಕ್ಕೆ ಒಂದು ತಾಸು ಹಿಡಿದು ಕೂರಿಸಿ. ನಾಚಿಕೆ ಬಿಟ್ಟು ಭಿನ್ನರಾಶಿಯಿಂದ ಶುರುಮಾಡಿ. ಥೇಲ್ಸನ ಪ್ರಮೇಯ ಬಾಯಿಪಾಠ ಮಾಡುವ ಮೊದಲು ಬಿಸಿಲಿಗೆ ಹೋಗಿ ಒಂದು ಮೀಟರಿನ ಕೋಲು ನೆಡಿ. ಅದರ ನೆರಳು ಒಂದೂವರೆ ಮೀಟರು, ಊರ ನೀರಿನ ಟ್ಯಾಂಕಿನ ನೆರಳು ಹದಿನೆಂಟು ಮೀಟರು ಇದ್ದರೆ ಟ್ಯಾಂಕು ಹನ್ನೆರಡು ಮೀಟರು. ಯಾರೂ ಹತ್ತಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಉತ್ತರ ಪೂರ್ತಿ ಬರದಿದ್ದರೂ ಪರೀಕ್ಷೆಯಲ್ಲಿ ಹಂತ ಹಂತವಾಗಿ ಬರೆಯಿರಿ, ಹಂತಕ್ಕೂ ಅಂಕವಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಬಿದ್ದವರನ್ನು ಪುಣೆಯ ಬಸ್ಸು ಹತ್ತಲು ಬಿಡಬೇಡಿ. ಮನೆಗೆ ಹೋಗಿ ಕರೆದು ತನ್ನಿ.

ಮತ್ತೆ ಒಬ್ಬ ತಮ್ಮ "ನಮ್ಮ ತಲಿಗಿ ಗಣಿತ ಹತ್ತಂಗಿಲ್ಲ" ಅಂದರೆ ತಲೆಯ ಮಾತು ಬಿಡು, ಯಾವ ಲೆಕ್ಕ ಬರವಲ್ದು ತೋರಿಸು ಅಂತ ಕೇಳಿ. ಎರಡು ಮಂದಿ ಒಂದು ಲೆಕ್ಕದ ಮುಂದೆ ಕುಂತರೆ ಅರ್ಧ ಹೆದರಿಕೆ ಅಲ್ಲೇ ಕಳೆಯಿತು. ಉಳಿದ ಅರ್ಧವನ್ನು ನಾವೆಲ್ಲ ಕೂಡಿ ಬಿಡಿಸೋಣ.